ನಾವು ಗುಡ್ಡದ ಮಾರಿ ನೋಡಿಲ್ರಿ

ನಮ್ಮ ಓಣಿಗೆ ಸೊಸೆಯಾಗಿ ಬಂದವಳಿಗೆ ಮೊದಲು ಕಲಿಸುವುದು ಒಂದು ಸುಳ್ಳು. ಉಳಿದದ್ದೆಲ್ಲ ಆಮೇಲೆ. ನಾನು ಅಕ್ಕೋಳದಿಂದ ಮದುವೆಯಾಗಿ ಬಂದ ಹೊಸದರಲ್ಲೇ ನನ್ನ ಅತ್ತೆ ಸುಂದರಾ ನನ್ನನ್ನು ಒಲೆಯ ಮುಂದೆ ಕೂರಿಸಿಕೊಂಡು ಅದನ್ನು ಬಾಯಿಪಾಠ ಮಾಡಿಸಿದಳು. ಗುಡ್ಡದ ದಾರಿಯಲ್ಲಿ ಖಾಕಿ ಅಂಗಿ ಕಂಡರೆ ಓಡಬಾರದು. ನಿಲ್ಲಬೇಕು. ನೆಲ ನೋಡಬೇಕು. ಏನು ಕೇಳಿದರೂ, ಗುಡ್ಡದ ಮುಖವನ್ನೇ ಕಂಡಿಲ್ಲವೆಂಬ ಒಂದೇ ಮಾತು ಹೇಳಬೇಕು.

“ಇಲ್ರಿ ಸಾಹೇಬ್ರ, ನಾವು ಗುಡ್ಡದ ಮಾರಿ ನೋಡಿಲ್ರಿ.”

ತಲೆಯ ಮೇಲೆ ಕಟ್ಟಿಗೆ ಹೊರೆ ಇದ್ದರೂ ಇದನ್ನೇ ಹೇಳಬೇಕೇ ಎಂದು ಕೇಳಿದೆ. ಇದನ್ನೇ ಹೇಳಬೇಕು, ಹೊರೆ ಎಲ್ಲಿಂದ ಬಂತೆಂದರೆ ದಾರಿಯಲ್ಲಿ ಬಿದ್ದಿತ್ತು ಎನ್ನಬೇಕು ಎಂದಳು. ನನಗೆ ನಗು ಬಂತು. ಅತ್ತೆ ನಗಲಿಲ್ಲ. ಇನ್ನೊಮ್ಮೆ ಹೇಳು ಎಂದಳು.

ಗುಡ್ಡವೆಂದರೆ ನಮ್ಮೂರ ಬೆನ್ನಿಗಿರುವ ಫಾರೆಸ್ಟ್ ಗುಡ್ಡ. ಚಿಕ್ಕೋಡಿ ಕಡೆಯಿಂದ ರಾಯಬಾಗಕ್ಕೆ ಹೋಗುವ ಬಸ್ಸಿನಲ್ಲಿ ಕೂತು ನೋಡಿದರೆ ಅದನ್ನು ಕಾಡೆಂದು ಯಾರೂ ಹೇಳುವುದಿಲ್ಲ. ಕಲ್ಲು, ಜಾಲಿ, ಬೇವು, ಮುತ್ತುಗ, ಕಮರ, ನಡುನಡುವೆ ಸಾಗವಾನಿ. ಒಂದು ಬರಗಾಲದಲ್ಲಿ ಸರಕಾರ ಕೂಲಿ ಕೊಟ್ಟು ಅಲ್ಲಿ ಸಸಿ ನೆಡಿಸಿತ್ತು. ಆ ಗುಂಡಿಗಳನ್ನು ತೋಡಿದವರಲ್ಲಿ ನನ್ನ ಅತ್ತೆಯೂ ಒಬ್ಬಳು. ಗುಂಡಿ ತೋಡಿದ ಮೇಲೆ ಸುತ್ತ ಕಲ್ಲಿನ ಗೋಡೆ ಎದ್ದಿತು, ಬೋರ್ಡು ಬಿತ್ತು. ಸರಕಾರದ ಸ್ವತ್ತು, ಒಳಗೆ ಬರುವುದು ಅಪರಾಧ. ಗಿಡ ನೆಡುವಾಗ ನಾವು ಕೂಲಿಯವರು, ಗಿಡ ಬೆಳೆದ ಮೇಲೆ ಕಳ್ಳರು.

ಕಳ್ಳತನ ಮಾಡದೆ ಬೇರೆ ದಾರಿ ಇರಲಿಲ್ಲ. ನಮ್ಮದು ಊರ ಹೊರಗಿನ ಓಣಿ. ಗೋಡೆಯ ಮೇಲೆ ಬುದ್ಧನೂ ಬಾಬಾಸಾಹೇಬರೂ ಇದ್ದಾರೆ, ಹಿತ್ತಿಲಲ್ಲಿ ಒಂದು ಗಿಡಕ್ಕೆ ಜಾಗವಿಲ್ಲ. ಊರವರ ಹೊಲದ ಬದುವಿನಲ್ಲಿ ಒಣ ಜಾಲಿ ಮುರಿದರೆ ಬೈಗುಳ. ಅದೂ ಜಾತಿ ಹಿಡಿದು. ಗ್ಯಾಸಿನ ಸಿಲಿಂಡರ್ ಸರಕಾರ ಕೊಟ್ಟಿದೆ, ಸುಳ್ಳು ಹೇಳಬಾರದು. ಖಾಲಿಯಾದ ಸಿಲಿಂಡರ್ ಪ್ರತಿ ಮನೆಯ ಮೂಲೆಯಲ್ಲಿ ನಿಂತಿದೆ, ಅದರ ಮೇಲೆ ಕೊಡ ಇಟ್ಟಿದ್ದೇವೆ.

ಹಾಗಾಗಿ ಹೆಂಗಸರು ಬೆಳಕು ಹರಿಯುವ ಮುಂಚೆ ಗುಡ್ಡ ಹತ್ತುತ್ತಾರೆ. ಕುಡಗೋಲನ್ನು ಸೊಂಟಕ್ಕೆ ಸಿಕ್ಕಿಸಿ ಸೆರಗು ಮುಚ್ಚುತ್ತಾರೆ. ಒಣಗಿದ್ದು ಸಿಕ್ಕರೆ ಒಣಗಿದ್ದು, ಸಿಗದಿದ್ದರೆ ಹಸಿ ಟೊಂಗೆ. ಹಸಿ ಕಡಿದ ತುದಿ ಬೆಳ್ಳಗೆ ಕಾಣುತ್ತದೆ, ದೂರದಿಂದಲೇ ಗಾರ್ಡಿಗೆ ಗೊತ್ತಾಗುತ್ತದೆ. ಅದಕ್ಕೆ ತುದಿಗೆ ಕೆಸರು ಒರೆಸಬೇಕು. ಬೇಸಿಗೆಯಲ್ಲಿ ಗುಡ್ಡದ ಮೇಲೆ ಕೆಸರು ಎಲ್ಲಿಂದ ಬರಬೇಕು. ಅಂಗೈಯಲ್ಲಿ ಮಣ್ಣು ಹಿಡಿದು ಅದಕ್ಕೆ ಉಗುಳಿ ಕಲಸುತ್ತಾರೆ. ನಾನೂ ಕಲಸಿದ್ದೇನೆ. ಬಾಯಿ ಒಣಗಿದ್ದರೆ ಪಕ್ಕದವಳು ಉಗುಳಿ ಕೊಡುತ್ತಾಳೆ. ಆಮೇಲೆ ಸಿಂಬೆ ಇಟ್ಟು ಒಬ್ಬರ ಹೊರೆಯನ್ನು ಇನ್ನೊಬ್ಬರು ಎತ್ತಿಸುತ್ತಾರೆ. ಇಳಿಜಾರಿನಲ್ಲಿ ಕತ್ತು ಮುರಿದುಹೋಗುತ್ತದೆ ಎನ್ನಿಸುತ್ತದೆ, ಕಾಲಿಗೆ ಮುಳ್ಳು ಹೊಕ್ಕರೂ ಬಗ್ಗುವಂತಿಲ್ಲ. ನನ್ನ ಅತ್ತೆಗೆ ನೆತ್ತಿಯಲ್ಲಿ ಕೂದಲೇ ಇಲ್ಲ. ಹೊರೆ ತಿಂದುಹಾಕಿದೆ.

ಸಂತೆಯ ದಿನ ಮಾತ್ರ ಅತ್ತೆಯ ಹೊರೆ ಮನೆಗೆ ಬರುತ್ತಿರಲಿಲ್ಲ. ಕ್ರಾಸಿನ ಚಹಾದಂಗಡಿಗೆ ಹಾಕಿ ಬಂದೆ ಎನ್ನುತ್ತಿದ್ದಳು. ನಾವು ಯಾರೂ ಹೆಚ್ಚು ಕೇಳುತ್ತಿರಲಿಲ್ಲ.

ನಾನು ಊರಿನ ಆಶಾ ಕಾರ್ಯಕರ್ತೆ. ಗಂಡ ಸುಧೀರ ಅದೇ ಫಾರೆಸ್ಟಿನಲ್ಲಿ ದಿನಗೂಲಿ ವಾಚರ್. ತಾಯಿ ಗುಡ್ಡದಲ್ಲಿ ಕದಿಯುವುದು, ಮಗ ಅದೇ ಗುಡ್ಡ ಕಾಯುವುದು. ಊರವರಿಗೆ ಇದು ದೊಡ್ಡ ತಮಾಷೆ. ಸುಧೀರ ನಗುವವನಲ್ಲ. ಹತ್ತನೇ ಇಯತ್ತೆ ಪಾಸಾಗಿ, ಯಾರ ಕಾಲೂ ಹಿಡಿಯದೆ ಸಿಕ್ಕ ಕೆಲಸ ಎಂದು ಅವನಿಗೆ ಬಹಳ ಹೆಮ್ಮೆ. ಖಾಕಿ ಅಂಗಿಯನ್ನು ತಾನೇ ಒಗೆದು ತಾನೇ ಇಸ್ತ್ರಿ ಮಾಡುತ್ತಿದ್ದ. ಎಂದಾದರೂ ಕಾಯಂ ಆಗುತ್ತದೆ ಎಂದು ನಂಬಿಕೊಂಡಿದ್ದ. ತಾಯಿ ಗುಡ್ಡದಿಂದ ಇಳಿಯುವ ಹೊತ್ತಿಗೆ ಅವನು ಆ ದಿಕ್ಕಿಗೆ ಮುಖ ಮಾಡುತ್ತಿರಲಿಲ್ಲ, ಅಷ್ಟೇ ಅವನು ಮಾಡಬಹುದಾಗಿದ್ದ ಉಪಕಾರ.

ಹೋದ ಬೇಸಿಗೆಯಲ್ಲಿ ಒಬ್ಬ ಹುಡುಗಿ ಬಂದಳು. ಯಾವುದೋ ಕಂಪನಿಯಿಂದ. ಗುಡ್ಡದ ಮರಗಳನ್ನೆಲ್ಲ ಕಡಿದು ಮಾರಿ ಹೊಸದಾಗಿ ನೆಡುವ ವಿಚಾರ ಇಲಾಖೆಗೆ ಬಂದಿತ್ತಂತೆ. ಕಡಿದರೆ ಮಣ್ಣಿಗೇನು, ನೀರಿಗೇನು, ಹಕ್ಕಿಗೇನು, ಜನರಿಗೇನು ಆಗುತ್ತದೆ ಎಂದು ಕೇಳಿ ಬರೆದುಕೊಳ್ಳುವುದು ಅವಳ ಕೆಲಸ. ನಾನು ಆವತ್ತು ಮಕ್ಕಳ ಲಸಿಕೆಗೆಂದು ಆಸ್ಪತ್ರೆಯಲ್ಲಿದ್ದೆ. ಸಂಜೆ ಬಂದಾಗ ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಹುಡುಗಿ ಒಳ್ಳೆಯವಳಂತೆ. ನಮ್ಮ ಮನೆಯಲ್ಲಿ ಚಹಾ ಕುಡಿದಳಂತೆ. ಊರೊಳಗಿನವರು ನಮ್ಮ ಮನೆಯ ನೀರು ಮುಟ್ಟುವುದಿಲ್ಲ, ಇವಳು ಬಸಿಗೆ ಹಾಕಿ ಸುರ್ರೆಂದು ಕುಡಿದದ್ದಕ್ಕೆ ಅತ್ತೆ ಕರಗಿಹೋಗಿದ್ದಳು. ಕರಗಿದರೇನು. ಹುಡುಗಿಯ ಹಿಂದೆ ಗಾರ್ಡ್ ಮುರಗೆಪ್ಪ ಬೈಕಿನ ಮೇಲೆ ಕೂತಿದ್ದ. ಅವನು ಒಂದು ಮಾತೂ ಆಡಲಿಲ್ಲವಂತೆ. ಆಡುವ ಜರೂರಿಯೇ ಇರಲಿಲ್ಲ, ಖಾಕಿ ಸಾಕಿತ್ತು. ಉರುವಲು ಎಲ್ಲಿಂದ ತರುತ್ತೀರಿ ಎಂದು ಹುಡುಗಿ ಕೇಳಿದಳು. ಗ್ಯಾಸ್ ಇದೆ ಎಂದರು. ಗುಡ್ಡಕ್ಕೆ ಹೋಗುತ್ತೀರಾ ಎಂದಳು. ಒಬ್ಬೊಬ್ಬರಾಗಿ ಎಲ್ಲರೂ ಪಾಠ ಒಪ್ಪಿಸಿದರು, ಗುಡ್ಡದ ಮಾರಿ ನೋಡಿಲ್ರಿ. ಕುರಿಗಾರ ಮಾಳಸಿದ್ದನನ್ನು ಕೇಳಿದಳು. ಅವನು ತಮ್ಮ ಕುರಿ ಆ ಕಡೆ ಮುಖ ಸಹ ಮಾಡುವುದಿಲ್ಲ ಎನ್ನುವ ಹೊತ್ತಿಗೆ ಗುಡ್ಡದ ಮೇಲಿಂದ ಅವನ ಹೋತಿನ ಗಂಟೆ ಕೇಳಿಸುತ್ತಿತ್ತಂತೆ. ಅದನ್ನು ಹೇಳಿ ಹೇಳಿ ಅವನ ಹೆಂಡತಿ ತಾರವ್ವ ಕಣ್ಣೀರು ಬರುವಷ್ಟು ನಕ್ಕಳು. ಹುಡುಗಿ ಎಲ್ಲವನ್ನೂ ಬರೆದುಕೊಂಡು, ಕೈ ಮುಗಿದು ಹೋದಳಂತೆ.

ಎಲ್ಲರೂ ಪಾಸಾದೆವು ಎಂದು ಅತ್ತೆ ಹೇಳಿದಳು. ಅಷ್ಟು ಖುಷಿಯಾಗಿ ಅವಳನ್ನು ನೋಡಿದ್ದು ಕಡಿಮೆ.

ಮಳೆಗಾಲ ಕಳೆದ ಮೇಲೆ ಗುಡ್ಡದಲ್ಲಿ ಸುತ್ತಿಗೆಯ ಸದ್ದು ಶುರುವಾಯಿತು. ಮರದ ತೊಗಟೆ ಕೆತ್ತಿ, ಬರಿ ಮೈಗೆ ಮುದ್ರೆ ಒತ್ತಿ ನಂಬರ್ ಬರೆಯುತ್ತಿದ್ದರು. ಬಣ್ಣದ ಡಬ್ಬಿ ಹಿಡಿದುಕೊಂಡು ಹಿಂದೆ ಹಿಂದೆ ತಿರುಗಿದವನು ನನ್ನ ಗಂಡನೇ. ಒಂದು ಮರವನ್ನೂ ಬಿಡುತ್ತಿಲ್ಲ ಎಂದು ರಾತ್ರಿ ಊಟಕ್ಕೆ ಕೂತಾಗ ಹೇಳಿದ. ಆಮೇಲೆ ಪಂಚಾಯಿತಿಯವರು ಆಟೋದಲ್ಲಿ ಮೈಕು ಕಟ್ಟಿ ಸಾರಿದರು. ಪರಿಸರದ ಅಹವಾಲು ಸಭೆ ಇದೆ, ಜನ ಬಂದು ಅಭಿಪ್ರಾಯ ಹೇಳಬೇಕು. ಪಂಚಾಯಿತಿ ಗೋಡೆಗೆ ವರದಿಯ ಸಾರಾಂಶ ಅಂಟಿಸಿದ್ದರು. ಓದಲು ಬಾರದವರು ನನ್ನನ್ನು ಕರೆದುಕೊಂಡು ಹೋದರು. ನಾನು ಗಟ್ಟಿಯಾಗಿ ಓದಿದೆ. ಹಕ್ಕಿಗಳಿಗೆ ಸ್ವಲ್ಪ ತೊಂದರೆ, ಮಣ್ಣು ಸ್ವಲ್ಪ ಸವಕಳಿ, ಹೊಸ ಸಸಿ ಬೆಳೆದ ಮೇಲೆ ಸರಿಹೋಗುತ್ತದೆ. ಕೊನೆಗೆ ಜನರ ವಿಷಯ. ಸುತ್ತಲಿನ ಕುಟುಂಬಗಳು ಉರುವಲಿಗಾಗಲಿ ಮೇವಿಗಾಗಲಿ ಈ ಅರಣ್ಯವನ್ನು ಅವಲಂಬಿಸಿಲ್ಲವೆಂದು ಅವರೇ ತಿಳಿಸಿರುತ್ತಾರೆ.

ತಾರವ್ವ ನನ್ನ ಕೈ ಹಿಡಿದು ಕೇಳಿದಳು.

“ಇದು ನಾವ ಹೇಳಿದ್ದಲ್ಲೇನ ಪೂನಮ?”

ಅವರೇ ಹೇಳಿದ್ದು. ಜೀವ ಉಳಿಸಿಕೊಳ್ಳಲು ಕಲಿತ ಮಾತು ಕುತ್ತಿಗೆಗೆ ಬಂದಿತ್ತು. ನನಗೆ ಆ ಹೆಂಗಸರ ಮೇಲೆ ಸಿಟ್ಟು ಬರಲಿಲ್ಲ. ತಲೆ ತಲೆಮಾರು ಹೆದರಿಸಿ ಇಲ್ಲ ಅನ್ನಿಸಿದವರು, ಈಗ ಇಲ್ಲ ಎಂದಿದ್ದಾರೆ ನೋಡಿ ಎಂದು ಬರೆದುಕೊಂಡವರು, ಅವರ ಮೇಲೆ ಬಂತು.

ಗುಡ್ಡ ಬೋಳಾದರೆ ಏನಾಗುತ್ತದೆಂದು ನಮಗೆ ಯಾವ ಹುಡುಗಿಯೂ ಬಂದು ಹೇಳಬೇಕಾಗಿರಲಿಲ್ಲ. ಹಳ್ಳದ ಆಚೆ ಇನ್ನೊಂದು ಗುಡ್ಡವಿತ್ತು. ಅದನ್ನೂ ಹೀಗೇ ಕಡಿದರು, ಹೊಸದಾಗಿ ನೆಟ್ಟರು. ನೆಟ್ಟದ್ದು ಒಂದು ಬೇಸಿಗೆ ದಾಟಲಿಲ್ಲ. ಮಳೆಗೆ ಮಣ್ಣೆಲ್ಲ ಇಳಿದು ಕೆರೆಗೆ ಬಂತು, ಕೆರೆ ಹೂಳಿತು, ಕೆಳಗಿನ ಬಾವಿಗಳು ಬತ್ತಿದವು. ಈಗ ಅಲ್ಲಿ ಬರೀ ಕಲ್ಲು ಹಾಸು. ಆ ಓಣಿಯವರು ಮನೆಗೆ ಬೀಗ ಹಾಕಿ ಕಬ್ಬು ಕಡಿಯಲು ದೇಶಾಂತರ ಹೋಗುತ್ತಾರೆ. ನಮ್ಮ ಗುಡ್ಡದ ಬುಡದಲ್ಲಿ ಒಂದು ಸೇದುಬಾವಿ ಇದೆ. ನಮ್ಮ ಓಣಿಗೆ ಅದೊಂದೇ ನೀರು. ಊರ ಬಾವಿಯ ಕಥೆ ಹೇಳುವುದೇ ಬೇಡ.

ಸಭೆಗೆ ಹೋಗಿ ನಿಜ ಹೇಳೋಣ ಎಂದು ನಾನು ಅತ್ತೆಗೆ ಹೇಳಿದೆ. ಸುಧೀರ ತಟ್ಟೆಯ ಮುಂದಿನಿಂದ ಎದ್ದ. ನಿಜ ಹೇಳುವುದೆಂದರೆ ಏನು ಗೊತ್ತೇ ಎಂದ. ಕದ್ದೆ ಎಂದು ಒಪ್ಪಿಕೊಳ್ಳುವುದು. ಒಪ್ಪಿಕೊಂಡವರ ಮೇಲೆ ಕೇಸು, ಕೇಸು ಬಿದ್ದವಳ ಮಗನಿಗೆ ಖಾಕಿ ಅಂಗಿ ಎಲ್ಲಿಯದು. ಅವನ ಮಾತೂ ಸುಳ್ಳಲ್ಲ. ಅತ್ತೆ ಒಲೆಗೆ ಕಟ್ಟಿಗೆ ಒಟ್ಟುತ್ತಾ ಕೂತಳು.

ಮರುದಿನ ಮುರಗೆಪ್ಪ ಬಂದ. ಮನೆಯ ಮುಂದೆ ಬೈಕ್ ನಿಲ್ಲಿಸಿದ, ಇಳಿಯಲಿಲ್ಲ. ನಮ್ಮ ಓಣಿಯಲ್ಲಿ ಅವನು ಯಾವತ್ತೂ ಇಳಿಯುವುದಿಲ್ಲ, ಮಾತು ಮಾತ್ರ ಸಿಹಿ.

“ಸುಂದರಾಬಾಯಿ, ನಿಮ್ಮ ಹುಡುಗನ್ನ ಕಾಯಂ ಮಾಡೂ ಕಾಗದ ಮ್ಯಾಲ ಹೋಗೇತಿ. ಇಂಥಾ ಹೊತ್ತಿನ್ಯಾಗ ಮನಿಯವರು ಸಭಾದಾಗ ಎದ್ದು ಒದರೂದು ಚೊಲೊ ಅಲ್ಲ. ನಿಮ್ಮ ಸೊಸಿಗಿ ತಿಳಿಸಿ ಹೇಳ್ರಿ.”

ಅತ್ತೆ ಹೂಂ ಎಂದಳು. ಅವನು ಹೋದ ಮೇಲೆ ಕುಡಗೋಲು ತೆಗೆದುಕೊಂಡು ಕಲ್ಲಿಗೆ ಮಸೆಯತೊಡಗಿದಳು. ಕೇಳಿದರೆ ಮೊಂಡಾಗಿತ್ತು ಎಂದಳು.

ಸಭೆಯ ದಿನ ಬೆಳಗ್ಗೆ ನಾನು ಎದ್ದಾಗ ಅತ್ತೆ ಮನೆಯಲ್ಲಿರಲಿಲ್ಲ. ಸಭೆಗೆ ಬರಬಾರದೆಂದೇ ಗುಡ್ಡಕ್ಕೆ ಹೋಗಿದ್ದಾಳೆ, ಮಗನ ಅನ್ನಕ್ಕೆ ಹೆದರಿದ್ದಾಳೆ ಎಂದುಕೊಂಡೆ. ಹೆದರಬಾರದು ಎಂದು ನಾನು ಹೇಗೆ ಹೇಳಲಿ. ತಾರವ್ವನನ್ನು, ಮಾಳಸಿದ್ದನನ್ನು, ಓಣಿಯ ಹೆಂಗಸರನ್ನು ಕರೆದುಕೊಂಡು ಹೊರಟೆ.

ಸಭೆ ಹನುಮಪ್ಪನ ಗುಡಿಯ ಪಕ್ಕದ ಸಮುದಾಯ ಭವನದಲ್ಲಿ. ಸಮುದಾಯ ಎಂದರೆ ಯಾರ ಸಮುದಾಯ ಎಂದು ಬಾಗಿಲಿಗೆ ಬಂದಾಗ ತಿಳಿಯುತ್ತದೆ. ಒಳಗೆ ಬರಬೇಡಿ ಎಂದು ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಆದರೆ ನಮ್ಮ ಹೆಂಗಸರು ಚಪ್ಪಲಿ ಬಿಡುವ ಜಾಗಕ್ಕೆ ಬಂದು ತಾವಾಗಿಯೇ ನಿಂತುಬಿಡುತ್ತಾರೆ. ಆವತ್ತೂ ನಿಂತರು. ನಾನು ಒಳಗೆ ಹೋಗಿ ಗೋಡೆಗೆ ಆನಿಕೊಂಡೆ. ಮುಂದಿನ ಕುರ್ಚಿಗಳಲ್ಲಿ ಊರಿನ ದೊಡ್ಡ ಜಮೀನುದಾರ ಆಬಾಸಾಹೇಬ ಮತ್ತು ಅವನ ಕಡೆಯ ಕಬ್ಬಿನವರು. ವೇದಿಕೆಯ ಮೇಲೆ ಫಾರೆಸ್ಟ್ ಇಲಾಖೆಯ ದೊಡ್ಡ ಸಾಹೇಬರು, ಬರೆದುಕೊಳ್ಳಲು ಒಬ್ಬ ಕಾರಕೂನ. ಗೋಡೆಯ ಪಕ್ಕ ಮುರಗೆಪ್ಪ, ಅವನ ಪಕ್ಕ ನನ್ನ ಗಂಡ. ಹೊರಗಿನವರಿಗೂ ಕೇಳಲಿ ಎಂದು ಗುಡಿಯ ಮೇಲೆ ಮೈಕು ಕಟ್ಟಿದ್ದರು.

ಸಾಹೇಬರು ಚೆನ್ನಾಗಿಯೇ ಮಾತಾಡಿದರು. ಇಲಾಖೆ ಲಾಭ ನಷ್ಟ ಎರಡನ್ನೂ ತೂಗಿ ನೋಡಿದೆ ಎಂದರು. ಒಂದು ಕಡೆ ಮುದಿ ಮರಗಳು, ಇನ್ನೊಂದು ಕಡೆ ಹೊಸ ನೆಡುತೋಪು. ಜನರ ಮೇಲೆ ಪರಿಣಾಮ ಶೂನ್ಯ ಎಂದರು. ಆ ಶೂನ್ಯ ನಾವು. ಆಬಾಸಾಹೇಬ ಎದ್ದು, ಗುಡ್ಡದ ಹಂದಿಗಳು ಕಬ್ಬು ಹಾಳು ಮಾಡುತ್ತಿವೆ, ಬೇಗ ಕಡಿದರೆ ಉಪಕಾರ ಎಂದ. ಅವನ ಮನೆಯಲ್ಲಿ ಎರಡು ಸಿಲಿಂಡರು, ಹೊಲದಲ್ಲಿ ಬೋರು. ಚಪ್ಪಾಳೆ ಬಿತ್ತು.

ಆಮೇಲೆ ಮಾಳಸಿದ್ದ ಎದ್ದ. ದಾರಿಯುದ್ದಕ್ಕೂ ಅವನು ಹಾರಾಡಿದ್ದ. ಕುರೀನ ಕೇಳಿ ಮಸಾಲಿ ಅರೀತಾರೇನು, ಇವರ ಸಭಾ ಅಂದ್ರ ಇಷ್ಟ, ಆದರೂ ನಾನು ಹೇಳಿಯೇ ತೀರುತ್ತೇನೆ ಎಂದಿದ್ದ. ರುಮಾಲು ಸರಿಮಾಡಿಕೊಂಡು ಮೈಕಿನ ಮುಂದೆ ನಿಂತ. ಸಾಹೇಬರು ಮೃದುವಾಗಿಯೇ ಕೇಳಿದರು, ನಿಮ್ಮ ಕುರಿಗಳನ್ನು ಈ ಕಾಡಿನಲ್ಲಿ ಮೇಯಿಸುತ್ತೀರಾ. ಮಾಳಸಿದ್ದ ಬಾಯಿ ತೆರೆದ. ಅಷ್ಟರಲ್ಲಿ ಗೋಡೆಯ ಪಕ್ಕದ ಮುರಗೆಪ್ಪ ಕಣ್ಣಿಗೆ ಬಿದ್ದ.

“ಇಲ್ರಿ ಸಾಹೇಬ್ರ. ನಾವು ಗುಡ್ಡದ ಮಾರಿ ನೋಡಿಲ್ರಿ.”

ತಾನಾಗಿಯೇ ಬಂದುಬಿಟ್ಟಿತು. ಮೈಕಿನಲ್ಲಿ ಇಡೀ ಊರಿಗೆ ಕೇಳಿಸಿತು. ಮುಂದಿನ ಕುರ್ಚಿಗಳೆಲ್ಲ ನಕ್ಕವು. ಮಾಳಸಿದ್ದ ಏನು ಹೇಳಿದೆನೆಂದು ತಿಳಿಯದವನಂತೆ ನಿಂತ. ಆಮೇಲೆ ತಿಳಿಯಿತು. ರುಮಾಲಿನಿಂದ ಮುಖ ಒರೆಸಿಕೊಂಡು ಹೊರಗೆ ಹೋಗಿ ಚಪ್ಪಲಿಗಳ ನಡುವೆ ಕೂತುಬಿಟ್ಟ. ಅಷ್ಟು ದೊಡ್ಡ ಆಳು. ತೋಳವನ್ನು ಬಡಿಗೆಯಿಂದ ಹೊಡೆದವನು.

ನಾನು ಮೈಕು ಹಿಡಿದೆ. ವರದಿ ಸುಳ್ಳು, ಜನ ಹೆದರಿ ಹಾಗೆ ಹೇಳಿದ್ದಾರೆ, ನಮ್ಮ ಓಣಿಯ ಪ್ರತಿ ಒಲೆಯೂ ಗುಡ್ಡದ ಕಟ್ಟಿಗೆಯಿಂದಲೇ ಉರಿಯುತ್ತದೆ ಎಂದೆ. ಸಾಹೇಬರು ಸಿಟ್ಟಾಗಲಿಲ್ಲ. ಅದೇ ಹೆಚ್ಚು ಕಷ್ಟ. ಕನ್ನಡಕ ತೆಗೆದು ಒರೆಸಿದರು.

“ನೀವು ಹೇಳುವುದು ನಿಜವಾದರೆ ಇಷ್ಟು ವರ್ಷದಲ್ಲಿ ಒಂದಾದರೂ ಕೇಸ್ ಇರಬೇಕಿತ್ತಲ್ಲಮ್ಮ. ಈ ಗುಡ್ಡದಲ್ಲಿ ಒಂದೂ ಇಲ್ಲ. ಪುರಾವೆ ಏನಿದೆ?”

ಕೇಸು ಯಾಕಿಲ್ಲ. ನಿಜವಾಗಿಯೂ ನಾನು ಅದನ್ನು ಯೋಚಿಸಿರಲಿಲ್ಲ. ಮುರಗೆಪ್ಪ ಗೋಡೆಗೆ ಆನಿಕೊಂಡು ಆರಾಮಾಗಿ ನಿಂತಿದ್ದ. ಕಾರಕೂನ ಪೆನ್ನಿನ ಟೊಪ್ಪಿಗೆ ಹಾಕಿದ.

ಆಗ ಬಾಗಿಲಲ್ಲಿ ಬೆಳಕು ಹೋಯಿತು. ಅತ್ತೆ ನಿಂತಿದ್ದಳು. ತಲೆಯ ಮೇಲೆ ಹೊರೆ, ಸೊಂಟದಲ್ಲಿ ಬಯಲಾಗಿಯೇ ಕುಡಗೋಲು. ಊರ ನಡುಬೀದಿಯಲ್ಲಿ, ಹೊತ್ತು ನೆತ್ತಿಗೇರಿದ ಮೇಲೆ, ಹಾಗೆಯೇ ಬಂದಿದ್ದಳು. ಚಪ್ಪಲಿಯ ಜಾಗದಲ್ಲಿ ನಿಲ್ಲಲಿಲ್ಲ. ಹೊರೆ ಬಾಗಿಲಿಗಿಂತ ಅಗಲವಿತ್ತು. ಮೈ ಓರೆ ಮಾಡಿ, ಮೊದಲು ಹೊರೆಯ ಒಂದು ತುದಿಯನ್ನು, ಆಮೇಲೆ ಇನ್ನೊಂದನ್ನು ತೂರಿಸಿಕೊಂಡು ಒಳಗೆ ಬಂದಳು. ಕುರ್ಚಿಯವರು ಮುಳ್ಳು ತಾಗೀತೆಂದು ಸರಿದರು. ವೇದಿಕೆಯ ಮುಂದೆ ಬಂದು ಹೊರೆ ಕೆಡವಿದಳು. ನೆಲ ಅದುರಿತು. ಕುತ್ತಿಗೆಯ ನರ ಉಬ್ಬಿತ್ತು, ಉಸಿರು ಸಿಗುತ್ತಿರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು.

“ಪುರಾವಾ ಕೇಳಿದ್ರೆಲ್ಲ, ಮೈಕಿನ್ಯಾಗ ಕೇಳಿಸ್ತ್ರಿ. ಇದ ನೋಡ್ರಿ ಪುರಾವಾ. ಮುಂಜಾನಿ ಕಡದೀನಿ. ಹಸಿ ಐತಿ, ಮುಟ್ಟಿ ನೋಡ್ರಿ. ಕೆಸರ ಹಚ್ಚಿಲ್ಲ.”

ಇದು ಅಪರಾಧ ಎಂದು ಗೊತ್ತಿದೆಯೇ ಎಂದು ಸಾಹೇಬರು ಕೇಳಿದರು. ಗೊತ್ತಿದೆ, ಕಳ್ಳತನ ಎಂದು ಬರೆದುಕೊಳ್ಳಿ, ಗುಡ್ಡಕ್ಕೆ ಗೋಡೆ ಎದ್ದಾಗಿನಿಂದ ಮಾಡುತ್ತಿದ್ದೇನೆ ಎಂದಳು. ಹಾಗಾದರೆ ಇಷ್ಟು ವರ್ಷ ಒಮ್ಮೆಯೂ ಯಾಕೆ ಸಿಕ್ಕಿಬೀಳಲಿಲ್ಲ ಎಂದರು ಅವರು. ಅತ್ತೆ ಮುರಗೆಪ್ಪನ ಕಡೆ ತಿರುಗಿದಳು. ನೆಲ ನೋಡಲಿಲ್ಲ.

“ಸಿಕ್ಕೀನ್ರಿ. ಭಾಳ ಸಲ ಸಿಕ್ಕೀನಿ. ಕೇಸ್ ಬ್ಯಾಡಂದ್ರ ಹೊರಿ ತಂದು ನಮ್ಮ ಹಿತ್ತಲದಾಗ ಇಳಸು ಅಂದ್ರು ಈ ಗಾರ್ಡ್ ಸಾಹೇಬ್ರು. ಸಂತಿ ದಿನಾ ಅವರ ಮನಿಗಿ ಒಂದು ಹೊರಿ. ಬರೇ ಇಳಸಿದ್ರ ಸಾಲೂದಿಲ್ಲ, ಒಡದು ಒಟ್ಟಿ ಬರಬೇಕು. ಅವರ ಮನ್ಯಾಗ ಜಳಕದ ನೀರು ನನ್ನ ಕಟಿಗಿ ಮ್ಯಾಲ ಕಾಯ್ತಾವ್ರಿ. ನೀರು ಕೇಳಿದ್ರ ಮ್ಯಾಲಿಂದ ಬೊಗಸಿಗಿ ಹಾಕ್ತಿದ್ರು. ನನ್ನ ಮಗಗ ಕೆಲಸಾ ಕೊಟ್ಟ ಮ್ಯಾಲ ಅದು ಕರಾರ ಆತ್ರಿ. ಹೊರಿ ನಿಂತ್ರ ಕೆಲಸಾ ನಿಲ್ಲತೈತಿ ಅಂದ್ರು. ಜ್ವರಾ ಬಂದಾಗೂ ಹೊತ್ತೀನಿ. ಈಗ ಕೇಸ್ ಇಲ್ಲ ಅಂತೀರಿ. ಎಲ್ಲಿಂದ ಇರ್ತಾವ್ರಿ.”

ಕ್ರಾಸಿನ ಚಹಾದಂಗಡಿಗೆ ಹೊರೆ ಹೋದದ್ದೇ ಇಲ್ಲ. ನನಗೆ ಆವತ್ತೇ ತಿಳಿದದ್ದು. ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ಇದ್ದೂ ತಿಳಿದಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯುವುದು ಅಂತಾರಲ್ಲ, ನಮ್ಮ ಊರಿನ ಬೇಲಿ ಮೇಯುವುದನ್ನೂ ನಮ್ಮ ತಲೆಯ ಮೇಲೆಯೇ ಹೊರಿಸಿತ್ತು.

ನಾನು ಸುಧೀರನನ್ನು ನೋಡಿದೆ. ಅವನು ತನ್ನ ಅಂಗಿಯನ್ನು ನೋಡಿಕೊಳ್ಳುತ್ತಿದ್ದ. ಯಾರ ಕಾಲೂ ಹಿಡಿಯದೆ ಸಿಕ್ಕ ಕೆಲಸ. ಅವನ ಮುಖ ನೋಡಲಾಗಲಿಲ್ಲ.

ಮುರಗೆಪ್ಪ, ಹೆಂಗಸು ಸುಳ್ಳು ಹೇಳುತ್ತಿದ್ದಾಳೆ, ಸೊಸೆ ಹೇಳಿಕೊಟ್ಟಿದ್ದಾಳೆ ಎಂದು ಕೂಗಾಡಿದ. ಸಾಹೇಬರು ಕೈ ಎತ್ತಿ ಸುಮ್ಮನಿರಿಸಿದರು. ಅವರಿಗೂ ಇದು ಬೇಡವಾಗಿತ್ತು. ಈ ಹೊರೆ ಇಲ್ಲಿಂದ ಹೋಗಬೇಕು, ಸಭೆ ಮುಗಿಯಬೇಕು, ಅಷ್ಟೇ. ಹತ್ತಿರ ನಿಂತಿದ್ದ ಖಾಕಿ ಅಂಗಿ ನನ್ನ ಗಂಡನದು. ಅವನು ಯಾರ ಮಗನೆಂದು ಅವರಿಗೆ ಹೇಗೆ ಗೊತ್ತಿರಬೇಕು.

“ಏಯ್ ವಾಚರ್, ಈ ಕಟ್ಟಿಗೆ ಜಪ್ತಿ ಮಾಡಿ ಜೀಪಿಗೆ ಹಾಕು.”

ಸುಧೀರ ಮುಂದೆ ಬಂದ. ಹೊರೆಯ ಹತ್ತಿರ ಬಗ್ಗಿದ. ಹಗ್ಗ ಸಡಿಲಾಗಿತ್ತು, ಮೊಣಕಾಲೂರಿ ಬಿಗಿದ. ಮಾಡು ಎನ್ನಲೂ ಆಗದು, ಬೇಡ ಎನ್ನಲೂ ಆಗದು. ಅವನ ಕೂಲಿಯಿಂದಲೇ ನಮ್ಮ ಮನೆ ನಡೆಯುವುದು. ಅವನು ನೆಲದ ಮೇಲೆ ಬಿದ್ದಿದ್ದ ಸಿಂಬೆಯನ್ನು ತೆಗೆದುಕೊಂಡ, ಧೂಳು ಕೊಡವಿದ, ತಾಯಿಯ ಬೋಳು ನೆತ್ತಿಯ ಮೇಲೆ ಇಟ್ಟ. ಇಟ್ಟು ಒಂದು ಕ್ಷಣ ಕೈ ಅಲ್ಲೇ ಬಿಟ್ಟ. ಆಮೇಲೆ ಹೊರೆಯನ್ನು ಎತ್ತಿ ಆ ತಲೆಯ ಮೇಲಿಟ್ಟ.

“ನಡಿ ಅವ್ವ, ಮನಿಗಿ.”

ಜೀಪಿಗೆ ಹಾಕು ಅಂದದ್ದು ಎಂದು ಮುರಗೆಪ್ಪ ಚೀರಿದ. ಸುಧೀರ ಅವನನ್ನು ನೋಡಲೂ ಇಲ್ಲ. ತಾಯಿಯ ಮುಂದೆ ನಡೆದು ಕುರ್ಚಿಗಳನ್ನು ಸರಿಸಿ ದಾರಿ ಮಾಡಿದ.

ಅಷ್ಟರಲ್ಲಿ ತಾರವ್ವ ಒಳಗೆ ಬಂದಿದ್ದಳು. ಚಪ್ಪಲಿಯ ಜಾಗದಲ್ಲಿ ನಿಂತಿದ್ದ ನಮ್ಮ ಹೆಂಗಸರೆಲ್ಲ ಅವಳ ಹಿಂದೆ ಬಂದರು. ತಾರವ್ವ ಕಾರಕೂನನ ಮೇಜಿಗೆ ಎರಡೂ ಕೈ ಊರಿ, ನನ್ನ ಹೆಸರು ಬರೆದುಕೋ, ನನ್ನ ಕುರಿ ಗು‍ಡ್ಡದಲ್ಲೇ ಮೇಯುತ್ತವೆ, ಗಂಡ ಹೆದರಿ ಸುಳ್ಳು ಹೇಳಿದ್ದಾನೆ ಎಂದಳು. ಅವಳ ಹಿಂದಿನವಳು ತನ್ನ ಹೆಸರು ಹೇಳಿದಳು. ನಾನೂ ಹೇಳಿದೆ, ಆಶಾ ಕಾರ್ಯಕರ್ತೆ ಎಂದೂ ಸೇರಿಸಿ ಬರೆಯಿರಿ ಎಂದೆ. ಕಳ್ಳರೆಂದು ಬರೆಸಿಕೊಳ್ಳಲು ಹೆಂಗಸರು ಸಾಲು ಹಚ್ಚಿದ್ದನ್ನು ಆ ಕಾರಕೂನ ಎಲ್ಲಿ ನೋಡಿದ್ದಾನು. ಪೆನ್ನು ಹಿಡಿದುಕೊಂಡು ಸಾಹೇಬರ ಮುಖ ನೋಡಿದ. ಏನಂತ ಬರೀಲ್ರಿ ಎಂದ. ಸಾಹೇಬರು ಮೈಕು ಮುಚ್ಚುವುದನ್ನು ಮರೆತರು. ಕೆಲವರು ಸಭೆಯಲ್ಲಿ ಗದ್ದಲ ಮಾಡಿದರು ಎಂದು ಬರಿ ಎಂದರು. ಗುಡಿಯ ಮೇಲಿನ ಮೈಕು ಅದನ್ನು ಊರಿಗೆಲ್ಲ ಹೇಳಿತು.

ಅತ್ತೆ ಬಾಗಿಲು ಮುಟ್ಟಿದ್ದಳು. ತಲೆಯ ಮೇಲೆ ಹೊರೆ ಇದ್ದಾಗ ಕತ್ತು ತಿರುಗುವುದಿಲ್ಲ. ಇಡೀ ಮೈ ತಿರುಗಿಸಿ ನಿಂತಳು.

“ಗದ್ದಲ ಅಂತ ಬರೀಬ್ಯಾಡ್ರಿ ಸಾಹೇಬ್ರ. ಕಳುವು ಅಂತ ಬರೀರಿ. ಬರದು ಓದಿ ಹೇಳೂತನಾ ನಾ ಇಲ್ಲೇ ನಿಂದರ್ತೀನಿ.”

ನಿಂತಳು. ಸುಧೀರ ಹೊರೆಗೆ ಕೈ ಕೊಡಲು ಹೋದ, ಬೇಡ ಎಂದಳು. ಹೊರಗೆ ಮಾಳಸಿದ್ದ ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತ, ಯಾರೂ ಹೊರಗೆ ಹೋಗುವಂತಿರಲಿಲ್ಲ. ಕಾರಕೂನ ಬರೆದ. ಹೆಸರು ಹೆಸರು ಹಿಡಿದು ಬರೆದ. ಅವನಿಂದಲೇ ಮೈಕಿನಲ್ಲಿ ಓದಿಸಿದೆವು. ಗುಡ್ಡದಿಂದ ಕಟ್ಟಿಗೆ ಕದಿಯುತ್ತೇವೆ, ಗುಡ್ಡದಲ್ಲಿ ಕುರಿ ಮೇಯಿಸುತ್ತೇವೆ, ಗುಡ್ಡ ಹೋದರೆ ನಮಗೆ ಒಲೆ ಇಲ್ಲ, ಬಾವಿ ಇಲ್ಲ. ಓದಿ ಮುಗಿಸಿದ ಮೇಲೆ ಅತ್ತೆ ಮೈ ಓರೆ ಮಾಡಿಕೊಂಡು ಹೊರಗೆ ಹೋದಳು.

ಸುಧೀರನಿಗೆ ಮರುದಿನ ಕೆಲಸಕ್ಕೆ ಬರಬೇಡ ಎಂದು ಹೇಳಿ ಕಳಿಸಿದರು. ಮುರಗೆಪ್ಪನನ್ನು ಬೇರೆ ಕಡೆಗೆ ಹಾಕಿದ್ದಾರೆ, ಅಲ್ಲಿಯೂ ಗುಡ್ಡವಿದೆಯಂತೆ. ಮರ ಕಡಿಯುವುದು ಸದ್ಯಕ್ಕೆ ನಿಂತಿದೆ, ಜನರ ವಿಷಯವನ್ನು ಮತ್ತೊಮ್ಮೆ ತೂಗಿ ನೋಡುತ್ತಾರಂತೆ. ನಿಲ್ಲುತ್ತದೆಂದು ನನಗೆ ಪೂರ್ತಿ ನಂಬಿಕೆಯಿಲ್ಲ. ಮುದ್ರೆ ಒತ್ತಿದ ಮರಗಳು ಹಾಗೆಯೇ ನಿಂತಿವೆ. ಸುಧೀರ ಈಗ ಆಬಾಸಾಹೇಬನ ಹೊಲಕ್ಕಲ್ಲ, ಕಾಗವಾಡದ ಕಡೆ ಕಬ್ಬು ಕಡಿಯಲು ಹೋಗುತ್ತಾನೆ. ಕೈಯೆಲ್ಲ ಸಿಗಿದಿದೆ. ತಾಯಿಯೊಡನೆ ಮೊದಲಿನಷ್ಟು ಮಾತಿಲ್ಲ, ಆದರೆ ಮನೆಯಲ್ಲಿದ್ದ ದಿನ ಅವಳ ಹೊರೆಗೆ ಎದುರು ಹೋಗುತ್ತಾನೆ.

ಹೆಸರು ಬರೆಸಿದವರ ಮೇಲೆಲ್ಲ ಕೇಸಾಗಿದೆ. ರಾಯಬಾಗದ ಕೋರ್ಟಿಗೆ ಹೋದಾಗ ನಮ್ಮ ವಕೀಲರು ಧೈರ್ಯ ಹೇಳಿದರು. ಸಾಕ್ಷಿ ಗಟ್ಟಿಯಿಲ್ಲ, ಜಡ್ಜ್ ಸಾಹೇಬರು ಕೇಳಿದಾಗ ಇಲ್ಲ ಎಂದುಬಿಡಿ, ಎಲ್ಲರೂ ಪಾರಾಗುತ್ತೀರಿ ಎಂದರು. ಒಳ್ಳೆಯ ಮನುಷ್ಯ, ನಮಗೆ ಒಳ್ಳೆಯದಾಗಲೆಂದೇ ಹೇಳಿದ್ದು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

“ನಾವು ಇಲ್ಲ ಅಂತ ಹೇಳಿದ್ರ,” ಎಂದು ಅತ್ತೆ ಕೇಳಿದಳು, “ಗುಡ್ಡ ಉಳಿತೈತೇನ್ರಿ ವಕೀಲ್ರ?”

ಅವರು ಕಾಗದಗಳನ್ನು ಮಡಚಿಟ್ಟರು. ಸೋಮವಾರ ತಾರೀಖಿದೆ. ಹೌದು ಎಂದು ಹೇಳಲು ಎಲ್ಲರೂ ಹೋಗುತ್ತಿದ್ದೇವೆ.